ಬರೆದಿದ್ದು ನಾನಲ್ಲ, ಫಾರ್ವರ್ಡ್ ಮಾಡಿದ್ದು ಮಾತ್ರ

ಇವತ್ತಿನ ವಿಷಯ ಆನ್‌ಲೈನ್ ಮಾನಹಾನಿ. ಕಾನೂನು ಅಂದ ತಕ್ಷಣ ಸ್ಕಿಪ್ ಮಾಡಬೇಡಿ. ನಾನೇ ಮಾಡಿದ ಒಂದು ತಪ್ಪಿನಿಂದ ಶುರು ಮಾಡ್ತೀನಿ.

ಆಗ ನಾನು ಪಿಜಿಯಲ್ಲಿದ್ದೆ. ಒಂದು ಸಂಜೆ ಗ್ರೂಪಿಗೆ ಒಂದು ಸ್ಕ್ರೀನ್‌ಶಾಟ್ ಬಂತು. ನಮ್ಮ ರಸ್ತೆ ಕೊನೆಯಲ್ಲಿದ್ದ ಮೊಬೈಲ್ ರಿಪೇರಿ ಅಂಗಡಿಯ ಫೋಟೋ. ಕೆಳಗೆ, ‘ಇವನು ರಿಪೇರಿಗೆ ಕೊಟ್ಟ ಫೋನಿಂದ ಹುಡುಗಿಯರ ಫೋಟೋ ಕದೀತಾನೆ, ಎಲ್ಲರಿಗೂ ಕಳಿಸಿ’ ಅಂತ. ನನಗೆ ತಂಗಿ ಇದ್ದಾಳೆ. ಸಿಟ್ಟು ಬಂತು. ‘ಹುಷಾರು’ ಅಂತ ಒಂದು ಪದ ಸೇರಿಸಿ ಮೂರು ಗ್ರೂಪಿಗೆ ಹಾಕಿದೆ. ಹತ್ತು ಸೆಕೆಂಡ್ ಕೆಲಸ. ಆಮೇಲೆ ಊಟಕ್ಕೆ ಹೋದೆ.

ಎಂಟು ದಿನ ಆದ್ಮೇಲೆ ಒಂದು ಕಾಲ್ ಬಂತು. ಆ ಅಂಗಡಿಯವರೇ. ಯಾರೋ ಗ್ರೂಪಿಂದ ನನ್ನ ನಂಬರ್ ಕೊಟ್ಟಿದ್ರು. ಅವರು ಬೈಯ್ಲಿಲ್ಲ. ಒಂದೇ ಪ್ರಶ್ನೆ ಕೇಳಿದ್ರು. ‘ನೀವು ನನ್ನ ಅಂಗಡಿಗೆ ಯಾವತ್ತಾದ್ರೂ ಬಂದಿದ್ರಾ?’

ನಾನು ಹೋಗಿರಲಿಲ್ಲ. ಒಂದು ಸ್ಕ್ರೀನ್ ಗಾರ್ಡ್ ಹಾಕ್ಸೋಕೂ ಹೋಗಿರಲಿಲ್ಲ. ಆಮೇಲೆ ಗೊತ್ತಾಗಿದ್ದು ಏನಂದ್ರೆ, ಆ ಬರಹ ಬೇರೆ ಯಾವುದೋ ಊರಿನ ಹಳೇ ಮೆಸೇಜ್. ಯಾರೋ ಅದಕ್ಕೆ ಈ ಅಂಗಡಿಯ ಫೋಟೋ ಅಂಟಿಸಿದ್ರು.

‘ಬರೆದಿದ್ದು ನಾನಲ್ಲ ಸರ್, ಬಂದಿದ್ದನ್ನ ಕಳಿಸಿದೆ ಅಷ್ಟೇ’ ಅಂದೆ. ಈ ವಾಕ್ಯ ನೀವೂ ಹೇಳಿರ್ತೀರಿ. ಕಾನೂನಿನ ಮುಂದೆ ಇದಕ್ಕೆ ಎಷ್ಟು ಬೆಲೆ ಇದೆ ಅನ್ನೋದೇ ಇವತ್ತಿನ ಮಾತು.

ಮೊದಲು ಬೇಸಿಕ್ಸ್. ಒಬ್ಬರ ಹೆಸರು ಕೆಡಿಸೋ ಉದ್ದೇಶದಿಂದ, ಅಥವಾ ಹೆಸರು ಕೆಡುತ್ತೆ ಅಂತ ಗೊತ್ತಿದ್ದೂ, ಅವರ ಬಗ್ಗೆ ಆರೋಪ ಮಾಡಿ ಅದನ್ನ ಮೂರನೇ ವ್ಯಕ್ತಿಗೆ ತಲುಪಿಸಿದ್ರೆ ಅದು ಮಾನಹಾನಿ. 1860ರ ಭಾರತೀಯ ದಂಡ ಸಂಹಿತೆಯಲ್ಲಿ ಇದು 499 ಮತ್ತು 500ನೇ ಕಲಂ ಆಗಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ. ಶಿಕ್ಷೆ ಎರಡು ವರ್ಷದವರೆಗೆ ಸಾದಾ ಜೈಲು, ಅಥವಾ ದಂಡ, ಅಥವಾ ಎರಡೂ. ಹೊಸ ಕಾನೂನಿನಲ್ಲಿ ಸಮುದಾಯ ಸೇವೆ ಅನ್ನೋದೂ ಸೇರಿದೆ. ಇದು ಕ್ರಿಮಿನಲ್ ದಾರಿ. ಇದಲ್ಲದೆ ಸಿವಿಲ್ ಕೋರ್ಟಿನಲ್ಲಿ ಪರಿಹಾರ ಕೇಳೋ ದಾರಿಯೂ ಇದೆ.

ಇಲ್ಲಿ ತುಂಬಾ ಜನ ಗೊಂದಲ ಮಾಡ್ಕೋತಾರೆ. ‘ಆನ್‌ಲೈನ್‌ನಲ್ಲಿ ಏನಾದ್ರೂ ಹಾಕಿದ್ರೆ 66ಎ ಕೇಸ್ ಹಾಕ್ತಾರೆ’ ಅಂತಾರೆ. ಆ ಕಲಂ ಈಗಿಲ್ಲ. 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಒಂದು ಫೇಸ್‌ಬುಕ್ ಪೋಸ್ಟಿಗೆ ಇಬ್ಬರು ಯುವತಿಯರನ್ನ ಬಂಧಿಸಿದ್ರು. ಅದಾದ್ಮೇಲೆ ಶ್ರೇಯಾ ಸಿಂಘಾಲ್ ಅನ್ನೋ ಕಾನೂನು ವಿದ್ಯಾರ್ಥಿನಿ ಸುಪ್ರೀಂ ಕೋರ್ಟಿಗೆ ಹೋದ್ರು. 2015ರ ಮಾರ್ಚ್ 24ರಂದು ಕೋರ್ಟ್ ಆ ಕಲಮನ್ನೇ ರದ್ದು ಮಾಡ್ತು. ಯಾರಿಗೋ ಕಿರಿಕಿರಿ ಆಯ್ತು ಅನ್ನೋದು ಅಪರಾಧ ಅಲ್ಲ ಅಂತ ಅದರರ್ಥ. ಆದರೆ ಮರುವರ್ಷ, 2016ರ ಮೇ ತಿಂಗಳಲ್ಲಿ, ಸುಬ್ರಮಣಿಯನ್ ಸ್ವಾಮಿ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟ್ ಕ್ರಿಮಿನಲ್ ಮಾನಹಾನಿ ಕಾನೂನನ್ನ ಎತ್ತಿಹಿಡೀತು. ಕಿರಿಕಿರಿ ಬೇರೆ, ಒಬ್ಬರ ಹೆಸರಿಗೆ ಮಸಿ ಬಳಿಯೋದು ಬೇರೆ.

ಈಗ ಶೇರ್ ವಿಷಯಕ್ಕೆ ಬರೋಣ. ತಮಿಳು ನಟ, ಮಾಜಿ ಶಾಸಕ ಎಸ್.ವಿ. ಶೇಖರ್ 2018ರಲ್ಲಿ ಮಹಿಳಾ ಪತ್ರಕರ್ತರ ಬಗ್ಗೆ ಕೀಳಾಗಿ ಬರೆದ ಒಂದು ಪೋಸ್ಟನ್ನ ಫೇಸ್‌ಬುಕ್‌ನಲ್ಲಿ ಹಂಚಿಕೊಂಡ್ರು. ಬರೆದಿದ್ದು ಬೇರೆಯವರು, ನಾನು ಓದದೇ ಕಳಿಸಿದೆ ಅಂತ ವಾದ. ಆದರೆ ಫಾರ್ವರ್ಡ್ ಮಾಡೋದು ಅಂದ್ರೆ ಆ ಮಾತನ್ನ ಒಪ್ಪಿ ಅನುಮೋದಿಸಿದ ಹಾಗೆ ಅಂತ ಮದ್ರಾಸ್ ಹೈಕೋರ್ಟ್ ಹೇಳ್ತು. ಪ್ರಕರಣ ಸುಪ್ರೀಂ ಕೋರ್ಟಿಗೂ ಹೋಯ್ತು. ಕಣ್ಣಿಗೆ ಔಷಧಿ ಹಾಕಿದ್ದರಿಂದ ಏನಿದೆ ಅಂತ ಓದೋಕಾಗಲಿಲ್ಲ ಅಂತ ಅವರ ವಕೀಲರು ಹೇಳಿದ್ರು. 2023ರ ಆಗಸ್ಟ್‌ನಲ್ಲಿ ಕೋರ್ಟ್ ಕೇಸ್ ರದ್ದು ಮಾಡೋಕೆ ಒಪ್ಪಲಿಲ್ಲ. ಸೋಷಿಯಲ್ ಮೀಡಿಯಾ ಬಳಸೋವಾಗ ಅದರ ಪರಿಣಾಮದ ಬಗ್ಗೆ ಎಚ್ಚರ ಇರಬೇಕು ಅನ್ನೋದು ಅದರ ನಿಲುವು.

ಇನ್ನೊಂದು, 2024ರ ಫೆಬ್ರವರಿಯದ್ದು. ಒಂದು ವಿಡಿಯೋವನ್ನ ರೀಟ್ವೀಟ್ ಮಾಡಿದ್ದ ಅರವಿಂದ ಕೇಜ್ರಿವಾಲ್ ವಿರುದ್ಧದ ಕೇಸಿನಲ್ಲಿ, ಮಾನಹಾನಿಕರ ವಿಷಯವನ್ನ ರೀಟ್ವೀಟ್ ಮಾಡೋದೂ ಮಾನಹಾನಿ ಆಗಬಹುದು ಅಂತ ದೆಹಲಿ ಹೈಕೋರ್ಟ್ ಹೇಳ್ತು. ಅದೇ ತಿಂಗಳು ಅವರು ಸುಪ್ರೀಂ ಕೋರ್ಟಿನ ಮುಂದೆ ರೀಟ್ವೀಟ್ ಮಾಡಿದ್ದು ತಪ್ಪಾಯ್ತು ಅಂತ ಒಪ್ಪಿಕೊಂಡ್ರು. ಒಬ್ಬ ಮುಖ್ಯಮಂತ್ರಿಗೇ ಹೀಗಾದ್ರೆ, ನನ್ನ ‘ಹುಷಾರು’ ಯಾವ ಲೆಕ್ಕ?

ಒಂದು ಸಮಾಧಾನ ಗ್ರೂಪ್ ಅಡ್ಮಿನ್‌ಗಳಿಗೆ. ಸದಸ್ಯರು ಹಾಕಿದ ಮೆಸೇಜಿಗೆ ಅಡ್ಮಿನ್ ಅನ್ನೋ ಒಂದೇ ಕಾರಣಕ್ಕೆ ನೀವು ಹೊಣೆ ಆಗಲ್ಲ ಅಂತ ಬಾಂಬೆ ಮತ್ತು ಕೇರಳ ಹೈಕೋರ್ಟ್‌ಗಳು 2021, 2022ರಲ್ಲಿ ಹೇಳಿವೆ. ಹಾಕಿದವರು ಹೊಣೆ. ಅಂದ್ರೆ ನನ್ನಂಥವರು.

‘ಆದ್ರೆ ನಾನು ಒಳ್ಳೇದಕ್ಕೇ ಕಳಿಸಿದೆ’ ಅಂತ ನಾನು ವಕೀಲ ಗೆಳೆಯನಿಗೆ ಹೇಳಿದೆ. ಅವನು ನಕ್ಕ. ಮಾನಹಾನಿ ಕಾನೂನಿಗೆ ಹತ್ತು ವಿನಾಯಿತಿಗಳಿವೆ. ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯ ಒಂದು. ಇನ್ನೊಬ್ಬರ ಒಳಿತಿಗಾಗಿ ಸದ್ಭಾವನೆಯಿಂದ ಕೊಟ್ಟ ಎಚ್ಚರಿಕೆ ಇನ್ನೊಂದು. ನನ್ನದು ಅದೇ ಅಲ್ವಾ? ಅಲ್ಲ. ಯಾಕಂದ್ರೆ ಕಾನೂನಿನಲ್ಲಿ ಸದ್ಭಾವನೆ ಅಂದ್ರೆ ಮನಸ್ಸು ಒಳ್ಳೇದಿದ್ರೆ ಸಾಲದು. ತಕ್ಕ ಎಚ್ಚರಿಕೆ, ಗಮನ ಇಲ್ಲದೆ ಮಾಡಿದ್ದು ಯಾವುದೂ ಸದ್ಭಾವನೆ ಅಲ್ಲ. ಅಂದ್ರೆ ಕೋರ್ಟ್ ಕೇಳೋದು ‘ನಿನ್ನ ಮನಸ್ಸಿನಲ್ಲಿ ಏನಿತ್ತು’ ಅಂತ ಮಾತ್ರ ಅಲ್ಲ, ‘ಕಳಿಸೋ ಮುಂಚೆ ಏನು ವಿಚಾರಿಸಿದೆ’ ಅಂತಾನೂ. ಅಂಗಡಿಯವರು ಫೋನಲ್ಲಿ ಕೇಳಿದ್ದೂ ಅದನ್ನೇ ತಾನೆ?

ವಿಚಾರಿಸದೆ ಹಂಚಿದ್ರೆ ಎಲ್ಲಿಗೆ ಹೋಗಿ ಮುಟ್ಟುತ್ತೆ ಅನ್ನೋದನ್ನ ಕರ್ನಾಟಕ ಕಣ್ಣಾರೆ ನೋಡಿದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆ ಔರಾದ್ ತಾಲೂಕಿನಲ್ಲಿ, ಮಕ್ಕಳಿಗೆ ಚಾಕಲೇಟ್ ಕೊಟ್ಟ ಹೈದರಾಬಾದ್ ಕಡೆಯ ಯುವಕರನ್ನ ಮಕ್ಕಳ ಕಳ್ಳರು ಅಂದ್ಕೊಂಡ್ರು. ವಾಟ್ಸಾಪ್‌ನಲ್ಲಿ ಸುದ್ದಿ ಹರಡ್ತು. ಮುರ್ಕಿ ಗ್ರಾಮದ ಹತ್ರ ಜನ ಅಡ್ಡಗಟ್ಟಿ ಹೊಡೆದ್ರು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತ. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ ಐದೇ ಚಾಟಿಗೆ ಫಾರ್ವರ್ಡ್ ಅನ್ನೋ ಮಿತಿ ತಂತು. ನನಗೆ ಮೂರೇ ಸಾಕಾಗಿತ್ತು.

ಹಾಗಾದ್ರೆ ಬಾಯಿ ಮುಚ್ಕೊಂಡಿರಬೇಕಾ? ಖಂಡಿತ ಬೇಡ. ಇದು ಬಹಳ ಮುಖ್ಯ. ಪತ್ರಕರ್ತೆ ಪ್ರಿಯಾ ರಮಣಿ 2018ರ ಮೀಟೂ ಸಮಯದಲ್ಲಿ ತಮಗಾದ ಅನುಭವ ಟ್ವೀಟ್ ಮಾಡಿದ್ರು. ಆಗ ಕೇಂದ್ರ ಸಚಿವರಾಗಿದ್ದ ಎಂ.ಜೆ. ಅಕ್ಬರ್ ಮಾನಹಾನಿ ಕೇಸ್ ಹಾಕಿದ್ರು. 2021ರ ಫೆಬ್ರವರಿ 17ರಂದು ದೆಹಲಿ ಕೋರ್ಟ್ ರಮಣಿಯವರನ್ನ ಖುಲಾಸೆ ಮಾಡ್ತು. ದಶಕಗಳಾದ್ಮೇಲೂ, ತನಗೆ ಸರಿ ಅನ್ನಿಸಿದ ವೇದಿಕೆಯಲ್ಲಿ ಮಹಿಳೆ ತನ್ನ ನೋವು ಹೇಳ್ಕೋಬಹುದು ಅಂತ ಹೇಳ್ತು. ವ್ಯತ್ಯಾಸ ನೋಡಿ. ಅವರು ಹೇಳಿದ್ದು ತಮ್ಮದೇ ಅನುಭವ, ತಮ್ಮದೇ ಹೆಸರಲ್ಲಿ. ನಾನು ಹಂಚಿದ್ದು ಯಾರದೋ ಮಾತು, ಯಾರ ಮೇಲೋ. ಹೋಟೆಲಿನ ಸಾಂಬಾರ್ ನಿಮಗೆ ಹಿಡಿಸಲಿಲ್ಲ ಅಂತ ರಿವ್ಯೂ ಬರೀರಿ, ಅದು ಅಭಿಪ್ರಾಯ. ‘ಅಡುಗೆಮನೇಲಿ ಸತ್ತ ಇಲಿ ಇತ್ತು’ ಅನ್ನೋದು ಆರೋಪ. ನೀವು ನೋಡಿರಬೇಕು, ತೋರಿಸೋಕೆ ಆಧಾರ ಇರಬೇಕು.

ಇನ್ನು ಈ ಏಟು ನಿಮ್ಮ ಮೇಲೇ ಬಿದ್ರೆ? ಮೊದಲು, ಗಾಬರಿಯಲ್ಲಿ ಡಿಲೀಟ್ ಮಾಡಿಸೋಕೆ ಓಡಬೇಡಿ. ಸ್ಕ್ರೀನ್‌ಶಾಟ್ ತೆಗೀರಿ. ಲಿಂಕ್, ದಿನಾಂಕ, ಸಮಯ, ಯಾರ ಖಾತೆ ಅನ್ನೋದೆಲ್ಲ ಅದರಲ್ಲಿ ಕಾಣಬೇಕು. ಮೂಲ ಮೆಸೇಜ್ ಇರೋ ಫೋನನ್ನ ಹಾಗೇ ಇಟ್ಕೊಳ್ಳಿ. ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಕೋರ್ಟಿನಲ್ಲಿ ಪ್ರಮಾಣಪತ್ರ ಕೊಡಬೇಕಾಗುತ್ತೆ, ವಕೀಲರು ಅದನ್ನ ಮಾಡಿಕೊಡ್ತಾರೆ.

ಎರಡನೇದು, ಆ್ಯಪ್‌ನ ಕುಂದುಕೊರತೆ ಅಧಿಕಾರಿಗೆ ದೂರು ಕೊಡಿ. 2021ರ ಐಟಿ ನಿಯಮಗಳ ಪ್ರಕಾರ ಅಂಥ ಅಧಿಕಾರಿ ಇರಲೇಬೇಕು, 24 ಗಂಟೆಯೊಳಗೆ ದೂರು ತಲುಪಿದೆ ಅಂತ ತಿಳಿಸಬೇಕು. ಖಾಸಗಿ ಫೋಟೋ, ತಿರುಚಿದ ಫೋಟೋ ಇದ್ರೆ ಅದು ಮಾನಹಾನಿಗಿಂತ ದೊಡ್ಡ ವಿಷಯ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ತಕ್ಷಣ ದೂರು ದಾಖಲಿಸಿ.

ಮೂರನೇದು, ಬರೀ ಮಾನಹಾನಿ ಆದ್ರೆ ಠಾಣೆಯಲ್ಲಿ ನೇರವಾಗಿ ಎಫ್‌ಐಆರ್ ಆಗಲ್ಲ. ನೊಂದವರೇ ಮ್ಯಾಜಿಸ್ಟ್ರೇಟ್ ಮುಂದೆ ಖಾಸಗಿ ದೂರು ಕೊಡಬೇಕು. ಅದಕ್ಕೆ ಮೂರು ವರ್ಷ ಸಮಯ. ಸಿವಿಲ್ ಕೋರ್ಟಿನಲ್ಲಿ ಪರಿಹಾರ ಕೇಳೋಕೆ ಒಂದೇ ವರ್ಷ. ಇದನ್ನ ನೆನಪಿಡಿ, ತುಂಬಾ ಜನ ಇಲ್ಲೇ ತಪ್ಪಿಸಿಕೊಳ್ತಾರೆ. ದುಡ್ಡಿಲ್ಲ ಅಂದ್ರೆ ಉಚಿತ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕಾಲ್ ಮಾಡಿ. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ರೂ ಈ ನೆರವು ಸಿಗುತ್ತೆ.

ಇಷ್ಟೆಲ್ಲ ದಾರಿ ಇದ್ರೂ ಆ ಅಂಗಡಿಯವರು ನನ್ನ ಮೇಲೆ ಕೇಸ್ ಹಾಕಲಿಲ್ಲ. ನಾನೇ ಹೋಗಿ ಕ್ಷಮೆ ಕೇಳಿದಾಗ ಯಾಕೆ ಅಂತ ವಿಚಾರಿಸಿದೆ. ‘ಕೋರ್ಟಿಗೆ ಹೋದ ದಿನ ಶಟರ್ ಎಳೀಬೇಕು. ಈಗಲೇ ಗಿರಾಕಿ ಇಲ್ಲ’ ಅಂದ್ರು. ಅಂದ್ರೆ ನಾನು ಉಳಿದಿದ್ದು ನಿರಪರಾಧಿ ಅಂತ ಅಲ್ಲ. ಅವರ ಹತ್ರ ನನ್ನ ಮೇಲೆ ಖರ್ಚು ಮಾಡೋಕೆ ದಿನಗಳಿರಲಿಲ್ಲ, ಅಷ್ಟೇ.

ಅದೇ ಮೂರು ಗ್ರೂಪಿಗೆ ತಿದ್ದುಪಡಿ ಹಾಕಿದೆ. ‘ಆ ಮೆಸೇಜ್ ಸುಳ್ಳು, ಕಳಿಸಿದ್ದು ನನ್ನ ತಪ್ಪು’ ಅಂತ. ಎರಡು ಥಂಬ್ಸ್ ಅಪ್ ಬಂತು. ಯಾರೂ ಅದನ್ನ ಮುಂದಕ್ಕೆ ಕಳಿಸಲಿಲ್ಲ. ಕೆಲವು ತಿಂಗಳ ಮೇಲೆ ಆ ಅಂಗಡಿ ಇದ್ದ ಜಾಗದಲ್ಲಿ ಜ್ಯೂಸ್ ಸೆಂಟರ್ ಬಂತು.

ಈಗ ಯಾವುದೇ ಮೆಸೇಜ್ ಬಂದ್ರೂ ಬೆರಳು ಫಾರ್ವರ್ಡ್ ಕಡೆ ಹೋಗುತ್ತೆ, ಅಭ್ಯಾಸ. ಆಗ ಆ ಪ್ರಶ್ನೆ ನನಗೆ ನಾನೇ ಕೇಳ್ಕೋತೀನಿ. ಈ ಅಂಗಡಿಗೆ ನಾನು ಯಾವತ್ತಾದ್ರೂ ಹೋಗಿದ್ನಾ? ಇಲ್ಲ ಅಂದ್ರೆ, ಆ ಮೆಸೇಜ್ ನನ್ನ ಫೋನಲ್ಲೇ ನಿಲ್ಲಲಿ.

ನಿಮಗೂ ಇಂಥ ಅನುಭವ ಆಗಿದ್ರೆ, ಬೇರೆಯವರ ಹೆಸರು ಹಾಕದೆ ನಮಗೆ ಬರೆದು ಕಳಿಸಿ.