ವೇದನಾಶಮನದಲ್ಲಿ ಮಾತ್ರಾವಿವೇಕ



‘ಮಾತ್ರೆ’ ಎಂದೊಡನೆ ಈಗ ಗುಳಿಗೆಯೇ ನೆನಪಿಗೆ ಬರುವುದಷ್ಟೆ. ಸಂಸ್ಕೃತದಲ್ಲಾದರೋ ಆ ಶಬ್ದಕ್ಕೆ ಅಳತೆಯೆಂದೇ ಅರ್ಥವು. ಚರಕಾಚಾರ್ಯನು ಚಿಕಿತ್ಸೆಯ ನಾಲ್ಕು ಪಾದಗಳಲ್ಲಿ ವೈದ್ಯ, ಔಷಧ, ರೋಗಿಗಳೊಡನೆ ಪರಿಚಾರಕನನ್ನೂ ಎಣಿಸಿ, ಅವನಿಗೆ ಉಪಚಾರಜ್ಞಾನ, ದಕ್ಷತೆ, ಅನುರಾಗ, ಶುಚಿತ್ವಗಳನ್ನು ವಿಧಿಸಿದನು. ಈ ಗುಣಗಳು ನೋವಿನ ಔಷಧವನ್ನು ಕೊಡುವಲ್ಲಿ ಒರೆಗೆ ಹತ್ತುವಂತೆ ಮತ್ತೆಲ್ಲಿಯೂ ಹತ್ತಲಾರವು.

ವೈದ್ಯನು ‘ಮಾರ್ಫೀನ್ 5ರಿಂದ 10 ಮಿಲಿಗ್ರಾಂ, ಬಾಯಿಯ ಮೂಲಕ, ನಾಲ್ಕು ಗಂಟೆಗೊಮ್ಮೆ, ನೋವಿದ್ದಲ್ಲಿ’ ಎಂದು ಬರೆದನೆನ್ನಿ. ಐದೋ ಹತ್ತೋ ಎಂದು ನಿಶ್ಚಯಿಸತಕ್ಕವಳು ದಾದಿ. ಈ ಅಂತರವು ಮಿತವಾಗಿರಬೇಕು. ಹಿರಿಯ ಪ್ರಮಾಣವು ಕಿರಿಯದರ ನಾಲ್ಮಡಿಯನ್ನು ಮೀರಬಾರದೆಂದು ಅಮೆರಿಕೆಯ ನೋವುಶುಶ್ರೂಷೆಯ ಸಂಘದವರು 2004ರಲ್ಲಿ ಅಭಿಪ್ರಾಯಪಟ್ಟರು.

ಮಂಡ್ಯದ ಸೀಮೆಯ ಮುದುಕನು ‘ಏನಿಲ್ಲ ಬುಡವ್ವಾ’ ಎಂದು ಹಲ್ಲುಕಚ್ಚಿ ಮಲಗುವನು. ಆದಕಾರಣ ನೋವೆಷ್ಟೆಂದು ಕೇಳಿದರೆ ಸಾಲದು. ಮಗ್ಗುಲು ಹೊರಳಬಲ್ಲನೇ, ಕೆಮ್ಮಬಲ್ಲನೇ, ರಾತ್ರಿ ನಿದ್ರೆ ಬಂದಿತೇ ಎಂದು ವಿಚಾರಿಸಬೇಕು. ಹತ್ತಕ್ಕೆ ಎಂಟು ನೋವೆಂದವನಿಗೆಲ್ಲ ಹಿರಿಯ ಪ್ರಮಾಣವೇ ಎಂಬುದೂ ಅವಿವೇಕವೇ ಸರಿ. ಮಾತಿನ ನಡುವೆಯೇ ತೂಕಡಿಸುವವನಿಗೆ ಔಷಧವನ್ನು ತಡೆದು ವೈದ್ಯನನ್ನು ಕರೆಯತಕ್ಕದ್ದು. ಏಕೆಂದರೆ ಜಡನಿದ್ರೆಯು ಸಾಮಾನ್ಯವಾಗಿ ಮೊದಲು ತೋರಿ, ಉಸಿರು ಕುಗ್ಗುವುದು ಆಮೇಲೆ. ಉಸಿರನ್ನು ಪೂರ್ಣ ಒಂದು ನಿಮಿಷ ಎಣಿಸಬೇಕು. ವಿಷಹಾರಿಯಾದ ನಲಾಕ್ಸೋನ್ ಸಮೀಪದಲ್ಲಿರಬೇಕು. ವೃದ್ಧರು, ಮೂತ್ರಪಿಂಡ ಕೆಟ್ಟವರು, ಈ ಜಾತಿಯ ಔಷಧವನ್ನು ಹಿಂದೆ ಕಾಣದವರು, ನಿದ್ರೆಯ ಗುಳಿಗೆ ನುಂಗಿದವರು, ಇವರಿಗೆಲ್ಲ ಕಿರಿಯದರಿಂದಲೇ ಆರಂಭ.

ಐದು ಸಾಲದೆ ಹೋದರೆ? ಬಾಯಿಯಿಂದ ಕೊಟ್ಟುದು ಪೂರ್ಣ ಫಲ ತೋರಲು ಸುಮಾರು ಒಂದು ಗಂಟೆ ಹಿಡಿಯುವುದು. ಅಲ್ಲಿಯವರೆಗೆ ಕಾದು, ಮರಳಿ ಪರೀಕ್ಷಿಸಿ, ಆಸ್ಪತ್ರೆಯ ನಿಯಮವು ಒಪ್ಪಿದರೆ ಉಳಿದ ಐದನ್ನು ಕೊಡಬಹುದು. ಆ ನಾಲ್ಕು ಗಂಟೆಯಲ್ಲಿ ಒಟ್ಟು ಹತ್ತನ್ನು ದಾಟಲಾಗದು.

ಹೆದರಿ ಯಾವಾಗಲೂ ಕಿರಿದನ್ನೇ ಕೊಡುವ ದಾದಿಯನ್ನು ಜಾಗರೂಕಳೆಂದು ಹೊಗಳುವವರುಂಟು. ಅದು ಸಲ್ಲದ ಹೊಗಳಿಕೆ. ನರಳಾಟವನ್ನು ಅನುಭವಿಸುವವನು ರೋಗಿ. 1985ರ ಮಾದಕದ್ರವ್ಯ ಶಾಸನದ ಭಯದಿಂದ ಈ ದೇಶದಲ್ಲಿ ಮಾರ್ಫೀನೇ ದುರ್ಲಭವಾಗಿ, 2014ರ ತಿದ್ದುಪಡಿಯಿಂದ ದಾರಿ ಕೊಂಚ ಸುಗಮವಾಯಿತು. ಬೆಂಗಳೂರಿನ ಕರುಣಾಶ್ರಯವೇ ಮೊದಲಾದೆಡೆ ಅರ್ಬುದರೋಗಿಗಳ ವೇದನಾಶಮನವೇ ಮುಖ್ಯ ಕಾರ್ಯವಾಗಿರುವುದು.

ರೋಗಿಯು ಊರಿಗೆ ಮರಳಿದರೆ ಸೊಸೆಯೋ ಮಗಳೋ ದಾದಿಯ ಸ್ಥಾನದಲ್ಲಿ ನಿಲ್ಲುವಳು. ಅವಳ ಕೈಗೆ ‘ಐದರಿಂದ ಹತ್ತು’ ಎಂಬ ಚೀಟಿಯನ್ನು ಕೊಟ್ಟು ಕಳುಹುವುದು ಅನ್ಯಾಯ. ಇಷ್ಟೇ, ಇಂಥ ಹೊತ್ತಿಗೆ, ಇಂಥ ಲಕ್ಷಣ ಕಂಡರೆ ಕೊಡಬೇಡ, ಕೂಡಲೇ ತಿಳಿಸು ಎಂದು ಕನ್ನಡದಲ್ಲಿ ಬರೆದು, ಅವಳಿಂದಲೇ ಒಮ್ಮೆ ಹೇಳಿಸಿ, ಕೊಟ್ಟ ಹೊತ್ತನ್ನೂ ಫಲವನ್ನೂ ಗುರುತಿಸಲು ಒಂದು ಪುಸ್ತಕವನ್ನು ಕೊಡತಕ್ಕದ್ದು.