ಸಣ್ಣ ಜೀವಿಯ ದೊಡ್ಡ ಪಾಠ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನು ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಆದರೆ ಇವತ್ತು ಮಾತಾಡುವುದು ಒಂದು ಕಡಲ ಪ್ರಾಣಿಯ ಬಗ್ಗೆ. ಕಾರವಾರದ ಕಡೆ ಪ್ರವಾಸ ಹೋದರೆ, ನೀರು ಇಳಿದ ಹೊತ್ತಿನಲ್ಲಿ ಬಂಡೆಗಳ ಸಂದಿಯಲ್ಲಿ ನೋಡಿರಿ. ಹೂವಿನಂತೆ ಅರಳಿದ ಸೀ ಅನಿಮೋನ್ ಕಂಡೀತು. ಅದಕ್ಕೆ ಮೆದುಳಿಲ್ಲ, ಹೃದಯವಿಲ್ಲ.

ಇದರ ಬಂಧು ಹೈಡ್ರಾ ಸಿಹಿನೀರಿನ ಹೊಂಡಗಳಲ್ಲಿರುತ್ತದೆ. 1740ರ ದಶಕದಲ್ಲಿ ಹಾಲೆಂಡಿನಲ್ಲಿ ಅಬ್ರಹಾಂ ಟ್ರೆಂಬ್ಲೆ ಎಂಬವರು ಇಬ್ಬರು ಹುಡುಗರಿಗೆ ಮನೆಪಾಠ ಹೇಳುತ್ತಿದ್ದರು. ಅವರು ಹೈಡ್ರಾವನ್ನು ಎರಡಾಗಿ ಕತ್ತರಿಸಿದರು. ಎರಡೂ ತುಂಡುಗಳು ಇಡೀ ಪ್ರಾಣಿಗಳಾದವು. 1909ರಲ್ಲಿ ಎಥೆಲ್ ಬ್ರೌನ್ ಎಂಬ ಅಮೆರಿಕದ ವಿದ್ಯಾರ್ಥಿನಿ ಒಂದು ಹೈಡ್ರಾದ ಬಾಯಿಯ ತುದಿಯ ಚೂರನ್ನು ಇನ್ನೊಂದರ ಪಕ್ಕೆಗೆ ಕೂಡಿಸಿದ ಪ್ರಯೋಗ ಪ್ರಕಟಿಸಿದರು. ಅಲ್ಲಿ ಹೊಸ ತಲೆ ಬೆಳೆದಿತ್ತು! ಆ ಚೂರು ಸುತ್ತಲಿನ ಜೀವಕೋಶಗಳಿಗೆ ಹೇಳಿದ್ದೇನು? 2000ದಲ್ಲಿ ಸುಳಿವು ಸಿಕ್ಕಿತು: ಆ ತುದಿಯಲ್ಲಿ ವಿಂಟ್ ಎಂಬ ಜೀನ್ ಕೆಲಸ ಮಾಡುತ್ತದೆ.

ವಿಂಟ್ ಜೀನ್‌ಗಳು ನಮ್ಮಲ್ಲೂ ಇವೆ. ಹೈಡ್ರಾದಲ್ಲಿ ತಲೆಯ ತುದಿಯನ್ನು ಗೊತ್ತುಮಾಡುವ ಈ ಸಂಕೇತ, ಬೆನ್ನೆಲುಬಿರುವ ಪ್ರಾಣಿಗಳ ಭ್ರೂಣದಲ್ಲಿ ಬಾಲದ ಕಡೆಯನ್ನು ರೂಪಿಸಲು ನೆರವಾಗುತ್ತದೆ. ನೆಮಟೋಸ್ಟೆಲ್ಲಾ ಎಂಬ ಅನಿಮೋನ್‌ನ ಜೀನೋಮ್ 2007ರಲ್ಲಿ ಪ್ರಕಟವಾಯಿತು. ಅದರಲ್ಲಿ ಸುಮಾರು 18,000 ಜೀನ್‌ಗಳು. ಮನುಷ್ಯನಲ್ಲಿ ಸುಮಾರು 20,000. ವಿಂಟ್‌ನ 12 ಉಪಗುಂಪುಗಳಲ್ಲಿ 11 ಆ ಪ್ರಾಣಿಯಲ್ಲಿವೆ. ಹಣ್ಣಿನ ನೊಣ ಅವುಗಳಲ್ಲಿ ಹಲವನ್ನು ಕಳೆದುಕೊಂಡಿದೆ. ಸರಳ ಪ್ರಾಣಿ ಎಂದರೆ ಬರಿಗೈಯ ಪ್ರಾಣಿಯಲ್ಲ. ಯಾವ ಜೀನ್ ಎಲ್ಲಿ, ಯಾವಾಗ, ಎಷ್ಟು ಹೊತ್ತು ಕೆಲಸ ಮಾಡುತ್ತದೆ ಎಂಬುದರಿಂದಲೇ ದೇಹಗಳು ಬಹಳಷ್ಟು ಬೇರೆಯಾಗುತ್ತವೆ.

ನಮ್ಮ ಕೆಲಸದಲ್ಲೂ ಹೀಗೇ. ಬ್ಯಾಂಕಿನ ಆಪ್‌ಗೂ ಬಸ್ ಟಿಕೆಟ್ ಆಪ್‌ಗೂ ಒಳಗಿನ ಹಲವು ಕೋಡ್ ತುಣುಕುಗಳು ಒಂದೇ. ಜೋಡಿಸುವ ರೀತಿ ಬೇರೆ. ಆದರೆ ಜೀನ್‌ಗಳನ್ನು ಯಾರೂ ಕುಳಿತು ಬರೆದದ್ದಲ್ಲ. 60 ಕೋಟಿ ವರ್ಷಗಳಿಗೂ ಹಿಂದೆ ಬದುಕಿದ್ದ ಪೂರ್ವಜರಿಂದ ಅನಿಮೋನ್‌ಗೂ ನಮಗೂ ಬಂದ ಆಸ್ತಿ ಅದು. ಕೋಟಿಗಟ್ಟಲೆ ಅಕ್ಷರಗಳ ಆ ಪಠ್ಯಗಳನ್ನು ಹೋಲಿಸಲು ಕಂಪ್ಯೂಟರ್ ಬೇಕು, ಗಣಿತ ಬೇಕು. ಆದ್ದರಿಂದ ಗಣಿತ ಬಂದವರು ಇಂಜಿನಿಯರಿಂಗ್‌ಗೇ ಹೋಗಬೇಕು ಎನ್ನುವ ಮಾತು ಬಿಡಿರಿ.

ಪಾಲಕರಲ್ಲಿ ಒಂದು ವಿನಂತಿ. ಮಗಳು "ಬಿ.ಎಸ್ಸಿ. ಓದುತ್ತೇನೆ" ಎಂದರೆ "ಅದರಿಂದ ಏನು ಬರುತ್ತದೆ?" ಎಂದು ಬಾಯಿ ಮುಚ್ಚಿಸಬೇಡಿರಿ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ನಮ್ಮ ಕಡಗಂಚಿಯಲ್ಲೇ ಇದೆ; ಜೀವವಿಜ್ಞಾನವೂ ಅಲ್ಲಿದೆ. ಅದರ ವಿಳಾಸದಲ್ಲಿ ನಮ್ಮೂರ ಹೆಸರಿದ್ದರೆ ಸಾಲದು. ಅಲ್ಲಿಯ ಸಂಶೋಧಕರ ಪಟ್ಟಿಯಲ್ಲಿ ಈ ಶಾಲೆಯ ಮಕ್ಕಳ ಹೆಸರೂ ಬರಲಿ.