ಮತಗಟ್ಟೆ ಶಾಲೆಯಲ್ಲಿರಲಿ, ಮಠ ದೂರವಿರಲಿ
(ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಭಾಷಣ)

ಮತ ಹಾಕಲು ನಾವು ಸಾಮಾನ್ಯವಾಗಿ ಹೋಗುವುದು ಶಾಲೆಗೆ. ಶಾಲೆಗೇ ಯಾಕೆ? ಊರಿಗೆ ಹತ್ತಿರ, ಕೋಣೆಗಳಿವೆ ಎನ್ನುವುದು ಒಂದು ಕಾರಣ. ಇನ್ನೊಂದು ಕಾರಣ ಅದಕ್ಕಿಂತ ದೊಡ್ಡದು. ಪೊಲೀಸ್ ಠಾಣೆ, ಆಸ್ಪತ್ರೆ, ದೇವಸ್ಥಾನ, ಧಾರ್ಮಿಕ ಮಹತ್ವದ ಸ್ಥಳಗಳಲ್ಲಿ ಮತಗಟ್ಟೆ ಇರಬಾರದೆಂದು ಚುನಾವಣಾ ಆಯೋಗವೇ ಹೇಳಿದೆ. ಅಂದಮೇಲೆ ಮಠದಲ್ಲೂ ಇರುವಂತಿಲ್ಲ. ಇದರಲ್ಲಿ ಮಠಕ್ಕೆ ಅವಮಾನವೇನಿಲ್ಲ. ಎಲ್ಲ ಕುಲದವರೂ ಅಳುಕಿಲ್ಲದೆ ಕಾಲಿಡುವ ಜಾಗ ಬೇಕು, ಅಷ್ಟೆ.

12ನೆಯ ಶತಮಾನದ ಅನುಭವ ಮಂಟಪದಲ್ಲಿ ಸಮಗಾರ ಹರಳಯ್ಯನವರು, ಅಂಬಿಗರ ಚೌಡಯ್ಯನವರು, ಅಕ್ಕಮಹಾದೇವಿಯವರು ಸಮನಾಗಿ ಕುಳಿತರೆಂದು ಹೆಮ್ಮೆಪಡುತ್ತೇವೆ. ಆ ಸಮಾನತೆ ಮತದಾನದ ದಿನ ಶಾಲೆಯ ಕೋಣೆಯಲ್ಲಿ ಕಣ್ಣಿಗೆ ಕಾಣುತ್ತದೆ. ಊರ ಗೌಡರಿಗೂ ಒಂದೇ ಮತ, ಅವರ ಹೊಲದಲ್ಲಿ ಕಳೆ ಕೀಳುವ ತಾಯಿಗೂ ಒಂದೇ ಮತ.

ಮಠದ ಶಾಲೆಯಲ್ಲಿ ಪಾಠ ಹೇಳಿದವನಾಗಿ ಒಂದು ಮಾತು ಬಿನ್ನವಿಸುತ್ತೇನೆ. ಚುನಾವಣೆಗಾಗಿ ಕಟ್ಟಡಗಳನ್ನು ವಶಕ್ಕೆ ಪಡೆಯಲು 1951ರ ಪ್ರಜಾಪ್ರತಿನಿಧಿ ಕಾಯ್ದೆಯಲ್ಲಿ ಅವಕಾಶವಿದೆ. ಹಾಗಾಗಿ ಮಠ ನಡೆಸುವ ಶಾಲೆಯೂ ಮತಗಟ್ಟೆಯಾಗಬಹುದು. ಆದರೆ ಅಂದು ಅದು ಮಠದ್ದಲ್ಲ, ಊರಿನದು. ಮತದಾನದ ದಿನ ಮತಗಟ್ಟೆಯ 100 ಮೀಟರ್ ಒಳಗೆ ಯಾರೂ ಮತ ಕೇಳುವಂತಿಲ್ಲ ಎಂದೂ ಅದೇ ಕಾಯ್ದೆ ಹೇಳುತ್ತದೆ. ಹಿಂದಿನ ರಾತ್ರಿಯೇ ಮಠದಿಂದ ‘ನಮ್ಮವರಿಗೇ ಹಾಕಿ’ ಎಂಬ ಸೂಚನೆ ಹೊರಟರೆ ಆ 100 ಮೀಟರಿಗೆ ಏನು ಬೆಲೆ? ಮೇಷ್ಟ್ರ ನೌಕರಿ, ಮಕ್ಕಳ ಸೀಟು, ಪ್ರಸಾದ ನಿಲಯದ ಊಟ ಮಠದ ಕೈಯಲ್ಲಿರುವಾಗ ಸೂಚನೆಯೇ ಆಜ್ಞೆಯಾಗುತ್ತದೆ. ಅಂಗೈಗೆ ಇಷ್ಟಲಿಂಗ ಕೊಟ್ಟ ಬಸವಣ್ಣನವರು ಭಕ್ತನಿಗೂ ದೇವರಿಗೂ ನಡುವೆ ದಲ್ಲಾಳಿ ಇಲ್ಲದಂತೆ ಮಾಡಿದರು. ಹಾಗಿರುವಾಗ ಭಕ್ತನಿಗೂ ಮತಯಂತ್ರಕ್ಕೂ ನಡುವೆ ಮಠ ಬರಬಹುದೇ?

ಮಠ ಮಾಡಬೇಕಾದ ಕೆಲಸ ಬೇರೆಯೇ ಇದೆ. ಮತಗಟ್ಟೆಯಲ್ಲಿ ಇಳಿಜಾರು ದಾರಿ, ಕುಡಿಯುವ ನೀರು, ಶೌಚಾಲಯ ಇರಬೇಕು. ನಮ್ಮ ಶಾಲೆಗಳಲ್ಲಿ ಇವನ್ನು ಒಂದು ದಿನದ ಮಟ್ಟಿಗೆ ಮಾಡದೆ ಶಾಶ್ವತವಾಗಿ ಕಟ್ಟಿಸೋಣ. ಅಂದು ಅಜ್ಜಿ ಗಾಲಿಕುರ್ಚಿಯಲ್ಲಿ ಹತ್ತಿದ ದಾರಿಯಲ್ಲೇ ಮರುದಿನದಿಂದ ನಡೆಯಲಾರದ ಮಗು ತರಗತಿಗೆ ಬರುತ್ತದೆ. ಅದು ದಾಸೋಹ. ಮತದಾನ ಮುಗಿದ ಮೇಲೆ ಚೀಟಿ, ಲೋಟ, ಎಲೆಯಡಿಕೆ ಉಗುಳು ತೊಳೆದು ಶಾಲೆಯನ್ನು ಮಕ್ಕಳಿಗೆ ಒಪ್ಪಿಸೋಣ. ಅದು ಕಾಯಕ. ಯಾರಿಗೆ ಮತ ಎಂಬುದನ್ನು ಮಾತ್ರ ಭಕ್ತರ ಅರಿವಿಗೇ ಬಿಡೋಣ.